ಬೆಟ್ಟದ ದಿನವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ

ಪ್ರಶ್ನೆ: ಸಾಮಾನು ಹೇರಿಕೊಂಡು ಸಮತಟ್ಟು ದಾರಿಯಲ್ಲಿ ದಿನಕ್ಕೆ 100–110 ಕಿ.ಮೀ. ಸೈಕಲ್ ತುಳಿದು ಅಭ್ಯಾಸವಿದೆ. ಮುಂದಿನ ಪ್ರವಾಸದಲ್ಲಿ ಒಂದು ದಿನ ಪೂರ್ತಿ ಬೆಟ್ಟದ ರಸ್ತೆ. ಒಟ್ಟು 85 ಕಿ.ಮೀ., ಎರಡು ಘಟ್ಟ. 10ನೇ ಕಿ.ಮೀ.ಯಿಂದ 26ರವರೆಗೆ 1,000 ಮೀಟರ್ ಏರು, 50ರಿಂದ 66ರವರೆಗೆ 900 ಮೀಟರ್ ಏರು; ಅತಿ ಎತ್ತರದ ಜಾಗ 2,300 ಮೀಟರ್. ನನ್ನ ತೂಕ 68 ಕೆ.ಜಿ., ಸೈಕಲ್ 14, ಸಾಮಾನು 18. ಗೇರು ಮುಂದೆ 50/34 ಹಲ್ಲು, ಹಿಂದೆ 11–32. ಕೇಬಲ್ ಡಿಸ್ಕ್ ಬ್ರೇಕ್. ಜೊತೆಗೆ ಬರುವ ಗೆಳೆಯನದು ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಹಿಡಿಯುವಂಥದ್ದು). ಒಂದೇ ದಿನದಲ್ಲಿ ಮುಗಿಯುತ್ತದೆಯೇ? ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟರೆ ಎಂಬ ಹೆದರಿಕೆಯೂ ಇದೆ.

ಉತ್ತರ: ಮುಗಿಯುತ್ತದೆ. ಆದರೆ ಈಗಿರುವ ಗೇರಿನಲ್ಲಿ ಬೇಡ. ಹೊರಡುವ ಮೊದಲು ಬದಲಿಸಲೇಬೇಕಾದದ್ದು ಅದೊಂದೇ. ಉಳಿದದ್ದು ಸಮಯದ ಲೆಕ್ಕ, ಹೊಟ್ಟೆಯ ಲೆಕ್ಕ, ಬ್ರೇಕ್ ಹಿಡಿಯುವ ರೀತಿ.

ಮೊದಲು 85 ಕಿ.ಮೀ. ಎಂಬ ಅಂಕಿಯನ್ನು ಮರೆತುಬಿಡಿ. ನಿಮ್ಮ ದಿನದ ನಿಜವಾದ ಅಳತೆ 1,900 ಮೀಟರ್ ಏರು. ನೀವು, ಸೈಕಲ್, ಸಾಮಾನು ಸೇರಿ ಸರಿಯಾಗಿ 100 ಕೆ.ಜಿ. ಆಗುತ್ತದೆ, ಲೆಕ್ಕಕ್ಕೆ ಅನುಕೂಲ. ದಿನವಿಡೀ ತುಳಿದು ಮರುದಿನವೂ ತುಳಿಯಬೇಕಾದವರು ಏರಿನಲ್ಲಿ ಗಂಟೆಗಟ್ಟಲೆ ಕೊಡಬಹುದಾದ ಶಕ್ತಿಯನ್ನು ಸುಮಾರು 120 ವ್ಯಾಟ್ ಎಂದು ಇಟ್ಟುಕೊಳ್ಳೋಣ. ಅಷ್ಟು ಶಕ್ತಿಯಲ್ಲಿ 100 ಕೆ.ಜಿ. ಭಾರ ಗಂಟೆಗೆ ಹತ್ತಿರ ಹತ್ತಿರ 400 ಮೀಟರ್ ಮೇಲೇರುತ್ತದೆ. ರಸ್ತೆ ಶೇ. 6 ಏರಿದ್ದರೂ ಶೇ. 8 ಇದ್ದರೂ ಈ 400 ಹೆಚ್ಚು ಬದಲಾಗುವುದಿಲ್ಲ. ಕಡಿದಾದಲ್ಲಿ ನಿಧಾನ, ಆದರೆ ದಾರಿ ಗಿಡ್ಡ, ಎರಡೂ ಸರಿಹೋಗುತ್ತವೆ. ಹಾಗಾಗಿ ಮೊದಲ ಘಟ್ಟಕ್ಕೆ ಎರಡೂವರೆ ಗಂಟೆ, ಎರಡನೆಯದಕ್ಕೆ ಎರಡೂಕಾಲು ಗಂಟೆ. ಇದು ಬರೀ ತುಳಿಯುವ ಹೊತ್ತು, ನಿಲ್ಲುವುದು ಸೇರಿಲ್ಲ.

ಈ 400ರ ಅಂಕಿಯನ್ನು ಹೊರಡುವ ಮೊದಲೇ ನಿಮ್ಮ ಮಟ್ಟಿಗೆ ಪರೀಕ್ಷಿಸಿಕೊಳ್ಳಿ. ಪೂರ್ತಿ ಸಾಮಾನು ಕಟ್ಟಿಕೊಂಡು, 150–200 ಮೀಟರ್ ಎತ್ತರದ ಯಾವುದಾದರೂ ಏರನ್ನು ಮೂರು ಸಲ ಹತ್ತಿ. ಮಾತಾಡುತ್ತಾ ತುಳಿಯಲಾಗುವಷ್ಟೇ ವೇಗ ಇರಲಿ. ಒಂದು ಪೂರ್ತಿ ವಾಕ್ಯವನ್ನು ಉಸಿರು ಕಟ್ಟದೆ ಹೇಳಲು ಬರಬೇಕು. ಮೂರನೆಯ ಸಲ ಹಿಡಿದ ಸಮಯವೇ ನಿಮ್ಮ ನಿಜವಾದ ಅಳತೆ. ಮೊದಲನೆಯ ಸಲದ್ದು ಎಲ್ಲರಿಗೂ ಚೆನ್ನಾಗಿಯೇ ಬರುತ್ತದೆ.

ಈಗ ಗೇರು. ಶೇ. 8 ಏರಿನಲ್ಲಿ 120 ವ್ಯಾಟ್‌ಗೆ ನಿಮ್ಮ ವೇಗ ಗಂಟೆಗೆ 5 ಕಿ.ಮೀ. ಮುಂದೆ 34, ಹಿಂದೆ 32 ಹಲ್ಲು ಹಾಕಿದಾಗ ಪೆಡಲ್ ಒಂದು ಸುತ್ತಿಗೆ ಸೈಕಲ್ 2.3 ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ಅಂದರೆ ನಿಮಿಷಕ್ಕೆ 36 ಸುತ್ತು. ಆ ವೇಗದಲ್ಲಿ ಪ್ರತಿ ತುಳಿತಕ್ಕೂ ಪೆಡಲ್ ಮೇಲೆ ಸರಾಸರಿ 19 ಕೆ.ಜಿ. ಒತ್ತಡ ಬೇಕು. ಅದೇ ಶಕ್ತಿಯನ್ನು ನಿಮಿಷಕ್ಕೆ 60 ಸುತ್ತಿನಲ್ಲಿ ಕೊಟ್ಟರೆ ಒತ್ತಡ ಹನ್ನೊಂದೂವರೆ ಕೆ.ಜಿ.ಗೆ ಇಳಿಯುತ್ತದೆ. ಶ್ವಾಸಕೋಶಕ್ಕೆ ಎರಡೂ ಒಂದೇ. ಮಂಡಿಗೆ ಒಂದೇ ಅಲ್ಲ. ಐದು ಗಂಟೆಯಲ್ಲಿ ಸಾವಿರಾರು ತುಳಿತ. ಸಂಜೆ ಮಂಡಿಚಿಪ್ಪಿನ ಮುಂಭಾಗದಲ್ಲಿ ಸೂಜಿ ಚುಚ್ಚಿದಂತೆ ನೋವು ಶುರುವಾಗುವುದು ಹೆಚ್ಚಾಗಿ ಹೀಗೆಯೇ. ಸೀಟು ತಗ್ಗಿದ್ದರೂ ಅದೇ ನೋವು ಬರುತ್ತದೆ, ಅದನ್ನೂ ನೋಡಿಕೊಳ್ಳಿ: ಪೆಡಲ್ ಅತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು.

ಹಿಂದಿನ ಹಲ್ಲುಚಕ್ರಗಳ ಗೊಂಚಲನ್ನು, ಅಂದರೆ ಕ್ಯಾಸೆಟ್ಟನ್ನು, ಮಾತ್ರ 11–36 ಮಾಡಿದರೆ ನಿಮಿಷಕ್ಕೆ 40 ಸುತ್ತು ಆಗುತ್ತದೆ. ಇಷ್ಟು ಸಾಲದು. ಮುಂದಿನ ಚಿಕ್ಕ ಹಲ್ಲುಚಕ್ರವನ್ನೇ ಇನ್ನೂ ಚಿಕ್ಕದು ಮಾಡಬೇಕು. ಇಲ್ಲಿ ಅನೇಕರು ಸಿಕ್ಕಿಹಾಕಿಕೊಳ್ಳುತ್ತಾರೆ: 50/34 ಕ್ರ್ಯಾಂಕಿನ (ಪೆಡಲ್ ತೋಳು ಮತ್ತು ಮುಂದಿನ ಹಲ್ಲುಚಕ್ರಗಳ ಜೋಡಣೆ) ಬೋಲ್ಟುಗಳು ಸಾಮಾನ್ಯವಾಗಿ 110 ಮಿ.ಮೀ. ವೃತ್ತದ ಮೇಲೆ ಇರುತ್ತವೆ, ಆ ವೃತ್ತದಲ್ಲಿ 33 ಹಲ್ಲಿಗಿಂತ ಚಿಕ್ಕ ಚಕ್ರ ಕೂರುವುದೇ ಇಲ್ಲ. ಹಾಗಾಗಿ ಕ್ರ್ಯಾಂಕನ್ನೇ ಬದಲಿಸಬೇಕಾಗುತ್ತದೆ. ಮುಂದೆ 42/26, ಹಿಂದೆ 11–36 ನನ್ನ ಆಯ್ಕೆ. ಕೆಳಗಿನ ಗೇರಿನಲ್ಲಿ ಒಂದು ಸುತ್ತಿಗೆ 1.6 ಮೀಟರ್, ನಿಮಿಷಕ್ಕೆ 52 ಸುತ್ತು. 24 ಹಲ್ಲಿನದು ಸಿಕ್ಕರೆ ಇನ್ನೂ ಒಳ್ಳೆಯದು.

ಬದಲಿಸುವಾಗ ನಾಲ್ಕು ಕಡೆ ಎಡವಟ್ಟಾಗುತ್ತದೆ. ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನ) ಎಷ್ಟು ಸಡಿಲ ಚೈನನ್ನು ನುಂಗಬಲ್ಲದು ಎಂಬುದಕ್ಕೆ ಮಿತಿ ಇದೆ; 42/26 ಮತ್ತು 11–36 ಸೇರಿದರೆ (42−26) + (36−11) = 41 ಹಲ್ಲಿನ ಸಾಮರ್ಥ್ಯ ಬೇಕು, ಅದಕ್ಕೆ ಉದ್ದ ತೋಳಿನ ಡಿರೇಲರ್ ಬೇಕು. ರಸ್ತೆ ಸೈಕಲ್ಲಿನ ಗೇರು ಬದಲಿಸುವ ಶಿಫ್ಟರ್‌ಗೆ ಬೆಟ್ಟದ ಸೈಕಲ್ಲಿನ ಡಿರೇಲರ್ ಎಲ್ಲ ಸಲವೂ ಹೊಂದುವುದಿಲ್ಲ, ಕೇಬಲ್ ಎಳೆಯುವ ಅಳತೆ ಬೇರೆಬೇರೆ. ಕೊಳ್ಳುವ ಮೊದಲು ಎರಡರ ಮಾದರಿ ಸಂಖ್ಯೆಯನ್ನೂ ತೋರಿಸಿ ಕೇಳಿ. ಮುಂದಿನ ಡಿರೇಲರ್ ಅನ್ನು ಹೊಸ ದೊಡ್ಡ ಚಕ್ರದ ಹಲ್ಲಿನಿಂದ 1–3 ಮಿ.ಮೀ. ಮೇಲಿರುವಂತೆ ಕೆಳಗಿಳಿಸಬೇಕು. ಇನ್ನು ಚೈನು: ಮುಂದಿನ ದೊಡ್ಡದು, ಹಿಂದಿನ ದೊಡ್ಡದು, ಎರಡರ ಮೇಲೂ ಡಿರೇಲರ್ ತಪ್ಪಿಸಿ ಸುತ್ತಿ, ಬಿಗಿಯಾಗಿ ಕೂಡುವ ಜಾಗಕ್ಕೆ ಎರಡು ಕೊಂಡಿ ಸೇರಿಸಿ ಕತ್ತರಿಸಿ. ಇದಕ್ಕಿಂತ ಗಿಡ್ಡವಾದರೆ ಅಪಾಯ. ಸುಸ್ತಾದಾಗ ಕೈತಪ್ಪಿ ದೊಡ್ಡದು–ದೊಡ್ಡದು ಗೇರಿಗೆ ಹಾಕಿದ ಕ್ಷಣ ಡಿರೇಲರ್ ಕಿತ್ತು ಬರುತ್ತದೆ.

ಚಿಕ್ಕ ಗೇರು ಎಂದರೆ ಕೈಲಾಗದವರದ್ದು ಎಂಬ ಭಾವನೆ ಸೈಕಲ್ ತುಳಿಯುವವರಲ್ಲಿ ಬಹಳ ಹಳೆಯದು. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಡಿರೇಲರ್ ಬಳಸಲು ಬಿಟ್ಟದ್ದು 1937ರಲ್ಲಿ. ಅಲ್ಲಿಯವರೆಗೆ ಸ್ಪರ್ಧಿಗಳು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ ಗೇರು ಬದಲಿಸುತ್ತಿದ್ದರು. ಆದರೆ ಪ್ರವಾಸಿಗರು ಅಷ್ಟು ಕಾಯಲಿಲ್ಲ. ವೆಲೋಸಿಯೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಫ್ರಾನ್ಸಿನ ಪಾಲ್ ದ ವಿವಿ (1853–1930) ಬೆಟ್ಟದ ಸವಾರಿಗೆ ಹಲವು ಗೇರು ಬೇಕೇ ಬೇಕು ಎಂದು ಅದಕ್ಕೂ ದಶಕಗಳ ಮೊದಲಿನಿಂದ ವಾದಿಸಿದವರು.

ಸಾಮಾನಿನ ತೂಕ ಕಡಿಮೆ ಮಾಡಿದರೆ ಸಾಲದೇ ಎಂದು ಕೇಳಬಹುದು. ಒಂದು ಕೆ.ಜಿ. ಇಳಿಸಿದರೆ ನಿಮ್ಮ 4 ಗಂಟೆ 45 ನಿಮಿಷದ ಏರಿನಲ್ಲಿ ಉಳಿಯುವುದು ಮೂರೇ ನಿಮಿಷ. ಐದು ಕೆ.ಜಿ. ಇಳಿಸಿದರೆ ಕಾಲು ಗಂಟೆ. ಇಳಿಸಿ, ಖಂಡಿತ, ಆದರೆ ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸುವವರು ಮೊದಲು ಗೇರು ನೋಡಿಕೊಳ್ಳಲಿ.

ದಿನದ ಗಡಿಯಾರ ಹೀಗಿರಲಿ. ಬೆಳಿಗ್ಗೆ 6ಕ್ಕೆ ಹೊರಟರೆ ಏರಿನ ಬುಡಕ್ಕೆ 6.35. ನಡುವೆ ಎರಡು ಸಲ ನಿಂತರೂ 9.30ಕ್ಕೆ ಮೊದಲ ನೆತ್ತಿ. ಬಟ್ಟೆ ಬದಲಿಸಿ, ಇಳಿದು, ಕೆಳಗಿನ ಸಮತಟ್ಟಿನಲ್ಲಿ ಊಟ ಮುಗಿಸಿ ಎರಡನೆಯ ಏರು ಶುರುವಾಗುವಾಗ 11.30. ನೆತ್ತಿಗೆ 2.15. ಊರು ಸೇರುವಾಗ 3.15. ಸೂರ್ಯಾಸ್ತ 6ಕ್ಕೆ ಇದ್ದರೆ ಧಾರಾಳ ಸಮಯ ಎನ್ನಿಸುತ್ತದೆ. ಆದರೆ ಒಂದು ಪಂಕ್ಚರ್, ಒಂದು ಮುರಿದ ಕಡ್ಡಿ, ಎದುರುಗಾಳಿ, ಇಷ್ಟರಲ್ಲೇ ಒಂದೂವರೆ ಗಂಟೆ ಕರಗುತ್ತದೆ. ಜೊತೆಗೆ ಬೆಟ್ಟದಲ್ಲಿ ಮಳೆ–ಸಿಡಿಲಿಗೆ ಮಧ್ಯಾಹ್ನವೇ ಹೊತ್ತು. ಬಿಸಿಲಿಗೆ ಇಳಿಜಾರುಗಳು ಕಾದು, ಗಾಳಿ ಮೇಲೆದ್ದು, ಬೆಳಿಗ್ಗೆ ಹತ್ತಿಯ ಉಂಡೆಯಂತಿದ್ದ ಮೋಡ ಎರಡು ಗಂಟೆಯ ಹೊತ್ತಿಗೆ ಗೋಪುರದಂತೆ ನಿಂತಿರುತ್ತದೆ. ಹಾಗಾಗಿ ಒಂದು ಗೆರೆ ಎಳೆದುಕೊಳ್ಳಿ: ಎರಡನೆಯ ಏರಿನ ಬುಡವನ್ನು ಮಧ್ಯಾಹ್ನ 12.30ರೊಳಗೆ ಬಿಡದಿದ್ದರೆ ಅಂದು ಅದನ್ನು ಹತ್ತುವುದಿಲ್ಲ. ಎರಡು ಘಟ್ಟದ ನಡುವಿನ ತಗ್ಗಿನಲ್ಲಿ ಎಲ್ಲಿ ರಾತ್ರಿ ಕಳೆಯಬಹುದು ಎಂಬುದನ್ನು ಹಿಂದಿನ ದಿನವೇ ಗುರುತು ಮಾಡಿಟ್ಟುಕೊಳ್ಳಿ. ನಿರ್ಧಾರವನ್ನು ಅಲ್ಲಿ ನಿಂತು ಮಾಡಬೇಡಿ. ಸುಸ್ತಾದ ತಲೆ ಯಾವಾಗಲೂ ‘ಇನ್ನೇನು ಬಂದೇಬಿಡ್ತು’ ಎನ್ನುತ್ತದೆ.

ಏರು ಶುರುವಾದ ಮೊದಲ ಇಪ್ಪತ್ತು ನಿಮಿಷ ಬೇಕೆಂದೇ ಹಗುರವಾಗಿ ತುಳಿಯಿರಿ. ರಸ್ತೆ ಕಡಿದಾಗುವ ಮೊದಲೇ ಗೇರು ಇಳಿಸಿ, ಇಳಿಸುವ ಅರ್ಧ ಸುತ್ತು ಕಾಲಿನ ಒತ್ತಡ ಸಡಿಲಿಸಿ. ಒತ್ತಡದಲ್ಲಿ ಬದಲಿಸಿದಾಗಲೇ ಚೈನು ಮುರಿಯುವುದು. ಸರಾಸರಿ ಶೇ. 6 ಎಂದು ನಕ್ಷೆ ಹೇಳಿದರೂ ಅದರೊಳಗೆ ಶೇ. 11ರ ಒಂದೆರಡು ಕಿ.ಮೀ. ಅಡಗಿರಬಹುದು. ಅಲ್ಲಿ 120 ವ್ಯಾಟ್‌ಗೆ ಗಂಟೆಗೆ ನಾಲ್ಕು ಕಿ.ಮೀ. ಕೂಡ ಆಗುವುದಿಲ್ಲ, ಹ್ಯಾಂಡಲ್ ಅತ್ತಿತ್ತ ಹೊರಳುತ್ತದೆ. ಇಳಿದು ತಳ್ಳಿ. ನಡಿಗೆಯ ವೇಗವೂ ಹೆಚ್ಚುಕಡಿಮೆ ಅಷ್ಟೇ, ಬೆನ್ನಿಗೂ ಆಸನಕ್ಕೂ ಹತ್ತು ನಿಮಿಷ ಬಿಡುವು. ಇದಕ್ಕಾಗಿಯೇ ನಡೆಯಲು ಬರುವ ಅಡಿಯ ಬೂಟು ಬೇಕು. ಹೇರ್‌ಪಿನ್ ತಿರುವುಗಳಲ್ಲಿ ಒಳಬದಿ ತುಂಬಾ ಕಡಿದು, ಹೊರಬದಿ ಸೌಮ್ಯ. ಎರಡೂ ಕಡೆಯ ರಸ್ತೆ ಚೆನ್ನಾಗಿ ಕಾಣುತ್ತಿದ್ದು, ವಾಹನ ಇಲ್ಲದಾಗ ಮಾತ್ರ ಹೊರಬದಿ ಹಿಡಿಯಿರಿ.

ಹೊಟ್ಟೆಯ ವಿಷಯ ಚುಟುಕಾಗಿ. ಏರಿಗಷ್ಟೇ ಸುಮಾರು 2,100 ಕಿಲೋಕ್ಯಾಲರಿ ಬೇಕು. ಹೊರಟ ಅರ್ಧ ಗಂಟೆಯಿಂದಲೇ ಗಂಟೆಗೆ 40–60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಬೇಕು. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ 25 ಗ್ರಾಂ ಇರುತ್ತದೆ. ಹಸಿವಾದ ಮೇಲೆ ತಿಂದರೆ ತಡ, ಅದು ಕಾಲಿಗೆ ತಲುಪಲು ಇನ್ನೂ ಹೊತ್ತು ಬೇಕು. ನೀರು ಗಂಟೆಗೆ 500–750 ಮಿ.ಲೀ., ಬಿಸಿಲಿದ್ದರೆ ಇನ್ನೂ ಹೆಚ್ಚು. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಬರುತ್ತದೆ. ಲೀಟರಿಗೆ ಕಾಲು ಟೀ ಚಮಚ ಉಪ್ಪು, 60 ಗ್ರಾಂ ಸಕ್ಕರೆ ಬೆರೆಸಿದರೆ ಎರಡೂ ಲೆಕ್ಕಕ್ಕೆ ಸೇರುತ್ತದೆ.

ಈಗ ನೆತ್ತಿ. ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸುಮಾರು ಆರೂವರೆ ಡಿಗ್ರಿ ಇಳಿದಿರುತ್ತದೆ. ಬೆನ್ನು ಬೆವರಿನಲ್ಲಿ ತೊಯ್ದಿದೆ, ಮುಂದೆ ಅರ್ಧ ಗಂಟೆ ತುಳಿಯದೆ ಗಾಳಿಗೆ ಮೈಯೊಡ್ಡಿ ಇಳಿಯಬೇಕು. ನೋಟ ನೋಡುವ ಮೊದಲು, ಮೈ ಇನ್ನೂ ಬಿಸಿ ಇರುವಾಗಲೇ, ಒದ್ದೆ ಬನಿಯನ್ ತೆಗೆದು ಒಣಗಿದ್ದು ಹಾಕಿ. ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ಜಿಪ್ ಕೊರಳವರೆಗೆ. ಬೆರಳು ಪೂರ್ತಿ ಮುಚ್ಚುವ ಕೈಗವಸು. ಈ ಕೈಗವಸು ಬ್ರೇಕಿನ ಭಾಗವೇ ಎಂದು ತಿಳಿಯಿರಿ, ಏಕೆಂದರೆ ಮರಗಟ್ಟಿದ ಬೆರಳಿಗೆ ಲಿವರ್ ಎಷ್ಟು ಒತ್ತಿದೆ ಎಂಬುದೇ ಗೊತ್ತಾಗುವುದಿಲ್ಲ. ಇಷ್ಟೂ ಬಟ್ಟೆ ಚೀಲದ ತಳದಲ್ಲಿ ಇರಬಾರದು, ಮುಚ್ಚಳದ ಕೆಳಗೇ ಇರಬೇಕು. 2,300 ಮೀಟರಿನಲ್ಲಿ ಎತ್ತರದ ಕಾಯಿಲೆಯ ಚಿಂತೆ ಬಹುತೇಕ ಇಲ್ಲ. ಅದು ಸಾಮಾನ್ಯವಾಗಿ 2,500 ಮೀಟರ್ ದಾಟಿ ಮಲಗಿದಾಗ ಶುರುವಾಗುವಂಥದ್ದು.

ಬ್ರೇಕಿನ ಭಯಕ್ಕೆ ಬರೋಣ. ನಿಮ್ಮ 100 ಕೆ.ಜಿ. ಭಾರ 900 ಮೀಟರ್ ಇಳಿಯುವಾಗ ಸುಮಾರು 880 ಕಿಲೋಜೂಲ್ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಅದನ್ನು ಹಂಚಿಕೊಳ್ಳುವವರು ಇಬ್ಬರು: ಗಾಳಿ ಮತ್ತು ಬ್ರೇಕ್. ಶೇ. 8 ಇಳಿಜಾರಿನಲ್ಲಿ, ಪಕ್ಕದ ಚೀಲಗಳೊಂದಿಗೆ, ಬ್ರೇಕಿಗೆ ಸೇರುವ ಶಾಖ ವೇಗದೊಂದಿಗೆ ಹೇಗೆ ಬದಲಾಗುತ್ತದೆ ನೋಡಿ. ಗಂಟೆಗೆ 15 ಕಿ.ಮೀ.ನಲ್ಲಿ ಹಿಡಿದುಕೊಂಡು ಇಳಿದರೆ ಸುಮಾರು 270 ವ್ಯಾಟ್. 20ರಲ್ಲಿ 335. 30ರಲ್ಲಿ 385. 40ರಲ್ಲಿ ಅದು 300ಕ್ಕೆ ಇಳಿಯುತ್ತದೆ. 50ರಲ್ಲಿ ಬರೀ 25, ಉಳಿದದ್ದೆಲ್ಲ ಗಾಳಿಯೇ ನುಂಗುತ್ತದೆ. ಹೆದರಿದ ಸವಾರರು ಬ್ರೇಕನ್ನು ಉಜ್ಜುತ್ತಾ ಇಳಿಯುವ ವೇಗ ಹೆಚ್ಚಾಗಿ ಇದೇ 25–30. ಅಂದರೆ ಬ್ರೇಕ್ ಅತಿ ಹೆಚ್ಚು ಕಾಯುವ ವೇಗ. ಎಚ್ಚರಿಕೆ ಎಂದುಕೊಂಡದ್ದೇ ಅಪಾಯವಾಗುವುದು ಇಲ್ಲಿ.

ಹಾಗೆಂದು 50ರಲ್ಲಿ ಬಿಟ್ಟುಬಿಡಿ ಎನ್ನುತ್ತಿಲ್ಲ. ರಸ್ತೆ ನೇರವಾಗಿದ್ದು, ಮುಂದೆ ಪೂರ್ತಿ ಕಾಣುತ್ತಿದ್ದು, ನೆಲ ಶುಚಿಯಾಗಿರುವಲ್ಲಿ ಬ್ರೇಕ್ ಬಿಡಿ, ಬೆನ್ನು ನೆಟ್ಟಗೆ ಮಾಡಿ ಎದೆಯನ್ನು ಗಾಳಿಗೆ ಒಡ್ಡಿ. ತಿರುವಿಗೆ ಇನ್ನೂ ದೂರವಿರುವಾಗಲೇ, ಸೈಕಲ್ ನೇರ ನಿಂತಿರುವಾಗ, ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ಮೂರು ನಾಲ್ಕು ಸೆಕೆಂಡಿನಲ್ಲಿ ವೇಗವನ್ನು 20ಕ್ಕೆ ತನ್ನಿ, ಬಿಡಿ, ಆಮೇಲೆ ತಿರುಗಿ. ಹೊರಗಿನ ಪೆಡಲ್ ಕೆಳಗೆ, ಭಾರ ಅದರ ಮೇಲೆ. ಬ್ರೇಕ್ ಬಿಟ್ಟ ಹೊತ್ತಿನಲ್ಲಿ ಡಿಸ್ಕ್ ತಣಿಯುತ್ತದೆ. ನಿಲ್ಲಿಸುವ ಬಲದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಹಿಂದಿನದನ್ನು ಮಾತ್ರ ನೆಚ್ಚಿದರೆ ಚಕ್ರ ಜಾರುತ್ತದೆ. ಶೇ. 12ರಂಥ ಇಳಿಜಾರು ಬಂದು, ತಿರುವಿನ ಮೇಲೆ ತಿರುವಿದ್ದು, ಬಿಡಲು ಜಾಗವೇ ಇಲ್ಲದಿದ್ದರೆ ಒಂದೇ ದಾರಿ: ನಡಿಗೆಯ ವೇಗಕ್ಕೆ ಹತ್ತಿರ ಇಳಿದು, ಆಗಾಗ ಪೂರ್ತಿ ನಿಂತು, ಐದು ನಿಮಿಷ ತಣಿಸಿ. ಡಿಸ್ಕನ್ನು ಕೈಯಿಂದ ಮುಟ್ಟಿ ನೋಡಬೇಡಿ. ಚರ್ಮ ಅಂಟಿಕೊಳ್ಳುವಷ್ಟು ಕಾದಿರುತ್ತದೆ.

ಕೇಬಲ್ ಡಿಸ್ಕಿನಲ್ಲಿ ದ್ರವ ಕುದಿಯುವ ಭಯವಿಲ್ಲ, ಆದರೆ ಡಿಸ್ಕನ್ನು ಹಿಡಿಯುವ ಪ್ಯಾಡ್ ಸವೆದಂತೆ ತಾನಾಗಿ ಸರಿಹೊಂದುವುದೂ ಇಲ್ಲ. ಉದ್ದ ಇಳಿಜಾರಿನ ನಡುವೆಯೇ ಲಿವರ್ ಹ್ಯಾಂಡಲಿನ ಹತ್ತಿರ ಬರತೊಡಗುತ್ತದೆ. ನಿಲ್ಲಿಸಿ. ಹೆಚ್ಚಿನ ಮಾದರಿಗಳಲ್ಲಿ ಚಲಿಸುವುದು ಹೊರಗಿನ ಪ್ಯಾಡ್ ಮಾತ್ರ. ಕಡ್ಡಿಗಳ ಬದಿಯ ಪ್ಯಾಡನ್ನು ಅಲ್ಲಿರುವ ತಿರುಪಿನಿಂದ ಒಂದೊಂದೇ ‘ಕ್ಲಿಕ್’ ಒಳಗೆ ತನ್ನಿ, ಡಿಸ್ಕ್ ಉಜ್ಜಿದ ಸದ್ದು ಬಂದರೆ ಒಂದು ಕ್ಲಿಕ್ ಹಿಂದಕ್ಕೆ. ಆಮೇಲೆ ಬೇಕಿದ್ದರೆ ಕೇಬಲ್ ಬಿಗಿಸಿ. ಬರೀ ಕೇಬಲ್ ಬಿಗಿಸುತ್ತಾ ಹೋದರೆ ಒಳಗಿನ ಪ್ಯಾಡ್ ದೂರವೇ ಉಳಿದು, ಡಿಸ್ಕ್ ಬಾಗಿ ಬಾಗಿ ಹಿಡಿಯುತ್ತದೆ. ಪ್ಯಾಡಿನ ಉಜ್ಜುವ ಪದರ 0.5 ಮಿ.ಮೀ.ಗೆ ಬಂದರೆ ಅದರ ಆಯುಷ್ಯ ಮುಗಿದಂತೆ. ಈ ದಿನಕ್ಕೆ ಹೊರಡುವಾಗ ಒಂದೂವರೆ ಮಿ.ಮೀ. ಆದರೂ ಇರಲಿ, ಒಂದು ಜೊತೆ ಹೊಸದು ಚೀಲದಲ್ಲಿ ಇರಲಿ. ಮಳೆ, ಕೆಸರು ಸೇರಿದರೆ ರೆಸಿನ್ ಪ್ಯಾಡ್ ಒಂದೇ ದಿನದಲ್ಲಿ ಸವೆದುಹೋಗಬಹುದು. ಲೋಹದ ಪ್ಯಾಡ್ ಹೆಚ್ಚು ಬಾಳುತ್ತದೆ, ಕಿರುಚುತ್ತದೆ. ಆದರೆ ‘ರೆಸಿನ್ ಪ್ಯಾಡ್ ಮಾತ್ರ’ ಎಂದು ಬರೆದಿರುವ ಡಿಸ್ಕಿಗೆ ಅದನ್ನು ಹಾಕುವಂತಿಲ್ಲ. ಹೊಸ ಪ್ಯಾಡ್ ಹಾಕಿದ ಮೇಲೆ ಸಮತಟ್ಟಿನಲ್ಲಿ 20–25 ಕಿ.ಮೀ. ವೇಗದಿಂದ ಇಪ್ಪತ್ತು ಸಲ ಬ್ರೇಕ್ ಹಿಡಿದು ಪಳಗಿಸಿ. ಪಳಗಿಸದ ಪ್ಯಾಡ್ ನೇರವಾಗಿ ಇಳಿಜಾರಿಗೆ ಹೋದರೆ ಗಾಜಿನಂತೆ ನುಣುಪಾಗಿ ಹಿಡಿತ ಕಳೆದುಕೊಳ್ಳುತ್ತದೆ.

ನಿಮ್ಮ ಗೆಳೆಯರ ರಿಮ್ ಬ್ರೇಕಿನಲ್ಲಿ ಅಪಾಯ ಬೇರೆ ಥರದ್ದು. ಅಲ್ಲಿ ಕಾಯುವುದು ರಿಮ್ಮು, ಅದರೊಂದಿಗೆ ಟ್ಯೂಬಿನ ಗಾಳಿ. 20 ಡಿಗ್ರಿಯಲ್ಲಿ 5 ಬಾರ್ ತುಂಬಿದ ಟೈರು 90 ಡಿಗ್ರಿಗೆ ಕಾದರೆ ಒತ್ತಡ 6.4 ಬಾರ್ ದಾಟುತ್ತದೆ. ಟೈರಿನ ಅಂಚು ರಿಮ್ಮಿನಿಂದ ಜಿಗಿಯಬಹುದು. ಒಳಗಿನ ರಿಮ್ ಪಟ್ಟಿ ತೆಳು ಪ್ಲಾಸ್ಟಿಕ್ಕಿನದಾಗಿದ್ದರೆ ಮೆತ್ತಗಾಗಿ ಟ್ಯೂಬು ಕಡ್ಡಿಯ ರಂಧ್ರದೊಳಗೆ ಉಬ್ಬಿ ಸಿಡಿಯುತ್ತದೆ. ಬಟ್ಟೆಯ ಪಟ್ಟಿ ಹಾಕಿಸಿ, ಗಾಳಿ ಅರ್ಧ ಬಾರ್ ಕಡಿಮೆ ಇಡಲಿ. ಒದ್ದೆ ರಿಮ್ಮಿನಲ್ಲಿ ಮೊದಲ ಕೆಲವು ಸುತ್ತು ಬ್ರೇಕ್ ಹಿಡಿಯುವುದೇ ಇಲ್ಲ, ಹಾಗಾಗಿ ಮಳೆಯಲ್ಲಿ ತಿರುವಿಗೆ ಸಾಕಷ್ಟು ಮೊದಲೇ ಹಗುರವಾಗಿ ಒತ್ತಿ ಒರೆಸಿಕೊಳ್ಳಬೇಕು. ಬ್ರೇಕ್ ಗಟ್ಟೆಯಲ್ಲಿ ಮಿನುಗುವ ಅಲ್ಯೂಮಿನಿಯಂ ಚೂರು ಕಂಡರೆ ಚಾಕುವಿನ ತುದಿಯಿಂದ ಕಿತ್ತುಹಾಕಲಿ, ಬಿಟ್ಟರೆ ಅದೇ ರಿಮ್ಮನ್ನು ಕೆರೆದು ತಿನ್ನುತ್ತದೆ.

ರಸ್ತೆಯಲ್ಲಿ ಹೆದರಬೇಕಾದ್ದು ತಿರುವಿನ ಒಳಗಿನ ಸಣ್ಣ ಜಲ್ಲಿ, ಮರದ ನೆರಳಿನಲ್ಲಿ ಒಣಗದ ಪಾಚಿ, ಬಿಸಿಲಿಗೆ ಕರಗಿ ಹೊಳೆಯುವ ಡಾಂಬರು. 2003ರ ಟೂರ್ ಡಿ ಫ್ರಾನ್ಸ್‌ನಲ್ಲಿ ಗ್ಯಾಪ್ ಪಟ್ಟಣದ ಕಡೆ ಇಳಿಯುವಾಗ ಸ್ಪರ್ಧಿ ಹೊಸೆಬಾ ಬೆಲೊಕಿ ಬಿದ್ದು ತೊಡೆಮೂಳೆ ಮುರಿದುಕೊಂಡದ್ದು ಹೀಗೆ ಕರಗಿದ ಡಾಂಬರಿನ ಮೇಲೆ. ಅಂಥ ನೆಲದಲ್ಲಿ ಬ್ರೇಕೂ ತಿರುವೂ ಒಟ್ಟಿಗೆ ಬೇಡ.

ವೇಗದಲ್ಲಿ ಹ್ಯಾಂಡಲ್ ತಾನಾಗಿ ಗಡಗಡ ನಡುಗತೊಡಗಿದರೆ ಗಾಬರಿಯಾಗಿ ಬಿಗಿಹಿಡಿಯಬೇಡಿ. ಎರಡೂ ಮಂಡಿಗಳಿಂದ ಚೌಕಟ್ಟಿನ ಮೇಲಿನ ಕೊಳವೆಯನ್ನು ಒತ್ತಿ, ಸೀಟಿನಿಂದ ತುಸು ಮೇಲೆದ್ದು, ನಿಧಾನವಾಗಿ ವೇಗ ಇಳಿಸಿ. ಕಾರಣ ಹೆಚ್ಚಾಗಿ ಸಾಮಾನು: ಎಲ್ಲ 18 ಕೆ.ಜಿ.ಯನ್ನೂ ಹಿಂದೆ ಎತ್ತರದಲ್ಲಿ ಕಟ್ಟಿದ್ದು, ಚೀಲದ ಕೊಕ್ಕೆ ಕ್ಯಾರಿಯರ್ ಕಂಬಿಯ ಮೇಲೆ ಆಡುತ್ತಿರುವುದು, ಹ್ಯಾಂಡಲ್ ಬೇರಿಂಗ್ ಸಡಿಲವಾಗಿರುವುದು. ಏಳೆಂಟು ಕೆ.ಜಿ. ಮುಂದಿನ ಚಕ್ರದ ಇಕ್ಕೆಲಗಳಲ್ಲಿ ತಗ್ಗಿಗೆ ಇಳಿಸಿದರೆ ಏರಿನಲ್ಲೂ ಮುಂದಿನ ಚಕ್ರ ಅಲೆದಾಡುವುದಿಲ್ಲ.

ಚೀಲದಲ್ಲಿ ಏನಿರಬೇಕು ಎಂಬುದು ನಿಮಗೆ ಬಹುಪಾಲು ಗೊತ್ತಿರುತ್ತದೆ. ಬೆಟ್ಟಕ್ಕೆಂದು ಸೇರಿಸಬೇಕಾದದ್ದು: ನಿಮ್ಮ ಸೈಕಲ್ ಮಾದರಿಗೇ ಹೊಂದುವ ಡಿರೇಲರ್ ಹ್ಯಾಂಗರ್ (ಡಿರೇಲರನ್ನು ಚೌಕಟ್ಟಿಗೆ ಕೂರಿಸುವ ಲೋಹದ ತುಂಡು), ಹಿಂದಿನ ಚಕ್ರದ ಬಲಬದಿ ಅಳತೆಯ ಮೂರು ಕಡ್ಡಿ, ಕ್ಯಾಸೆಟ್ ಬಿಚ್ಚುವ ಉಪಕರಣ, ಚೈನಿನ ಎರಡು ಕ್ವಿಕ್ ಲಿಂಕ್ (ಮುರಿದ ಚೈನನ್ನು ಕೂಡಿಸುವ ಕೊಂಡಿ), ಕ್ಯಾರಿಯರ್‌ಗೆ 5 ಮಿ.ಮೀ.ನ ನಾಲ್ಕು ಬೋಲ್ಟು. ಮುರಿಯುವ ಕಡ್ಡಿ ಸಾಮಾನ್ಯವಾಗಿ ಹಿಂದಿನ ಚಕ್ರದ ಕ್ಯಾಸೆಟ್ ಬದಿಯದ್ದೇ, ಅಲ್ಲೇ ಬಿಗಿತ ಹೆಚ್ಚು. ಕ್ಯಾಸೆಟ್ ಬಿಚ್ಚದೆ ಅದನ್ನು ಬದಲಿಸಲು ಬರುವುದಿಲ್ಲ. ಉಪಕರಣ ಇಲ್ಲದಿದ್ದರೆ ಮುರಿದದ್ದನ್ನು ಪಕ್ಕದ ಕಡ್ಡಿಗೆ ಸುತ್ತಿ, ಅದೇ ಬದಿಯ ಅಕ್ಕಪಕ್ಕದ ಎರಡನ್ನು ಅರ್ಧ ಸುತ್ತು ಬಿಗಿಸಿ, ಎದುರು ಬದಿಯದನ್ನು ಅರ್ಧ ಸುತ್ತು ಸಡಿಲಿಸಿ, ಸಾಮಾನು ಗೆಳೆಯರಿಗೆ ವರ್ಗಾಯಿಸಿ ನಿಧಾನವಾಗಿ ಇಳಿಯಬಹುದು.

ಹ್ಯಾಂಗರ್ ಏಕೆ ಎಂದರೆ, ನಿಲ್ಲಿಸಿದ ಸೈಕಲ್ ಬಲಕ್ಕೆ ಬಿದ್ದರೆ ಅದು ಒಳಕ್ಕೆ ಬಾಗುತ್ತದೆ, ನೋಡಿದರೆ ಗೊತ್ತೇ ಆಗುವುದಿಲ್ಲ. ಮುಂದಿನ ಕಡಿದಾದ ಏರಿನಲ್ಲಿ ಅತಿ ಚಿಕ್ಕ ಗೇರಿಗೆ ಹಾಕಿದಾಗ ಡಿರೇಲರ್ ನೇರವಾಗಿ ಕಡ್ಡಿಗಳೊಳಗೆ ನುಗ್ಗುತ್ತದೆ. ಸೈಕಲ್ ಬಿದ್ದಾಗಲೆಲ್ಲ ಹಿಂದಿನ ಚಕ್ರ ಎತ್ತಿ, ಕೈಯಿಂದ ಪೆಡಲ್ ತಿರುಗಿಸುತ್ತಾ ಅತಿ ಚಿಕ್ಕ ಗೇರಿಗೆ ಹಾಕಿ ನೋಡಿ. ಡಿರೇಲರ್ ಪಂಜರಕ್ಕೂ ಕಡ್ಡಿಗೂ ನಡುವೆ ಬೆಳಕು ಕಾಣಬೇಕು.

ಸಂಜೆ ತಲುಪಿದ ಮೇಲೆ ಹತ್ತು ನಿಮಿಷ ಸೈಕಲ್ಲಿಗೆ ಕೊಡಿ. ಕ್ಯಾರಿಯರಿನ ಕೆಳಗಿನ ಬೋಲ್ಟುಗಳನ್ನು ಆಲೆನ್ ಕೀಲಿ ಹಾಕಿ ನೋಡಿ. ಇಳಿಜಾರಿನ ಅದುರಿಗೆ ಮೊದಲು ಸಡಿಲಾಗುವುದು ಅವೇ, ಸಡಿಲಾದ ಬೋಲ್ಟು ಒಂದೆರಡು ದಿನದಲ್ಲಿ ತಲೆ ಹಾರಿ, ಅರ್ಧ ತಿರುಪು ಚೌಕಟ್ಟಿನ ರಂಧ್ರದೊಳಗೇ ಉಳಿಯುತ್ತದೆ. ಹಿಂದಿನ ಚಕ್ರದ ಕಡ್ಡಿಗಳನ್ನು ಎರಡೆರಡಾಗಿ ಹಿಂಡುತ್ತಾ ಸುತ್ತು ಬನ್ನಿ, ಬೇರೆಯವಕ್ಕಿಂತ ಮೆತ್ತಗಿರುವುದು ಬೆರಳಿಗೇ ತಿಳಿಯುತ್ತದೆ. ಪ್ಯಾಡ್ ನೋಡಿ. ಟೈರಿನಲ್ಲಿ ಸಿಕ್ಕಿದ ಕಲ್ಲುಚೂರು ತೆಗೆಯಿರಿ. ಮರುದಿನದ ದಾರಿಯನ್ನು 600–700 ಮೀಟರ್ ಏರಿಗಿಂತ ಹೆಚ್ಚಿಗೆ ಇಟ್ಟುಕೊಳ್ಳಬೇಡಿ. ಇಂಥ ಏರಿನ ದಣಿವು ಕಾಲಿಗೆ ತಿಳಿಯುವುದು ಹೆಚ್ಚಾಗಿ ಎರಡನೆಯ ಬೆಳಿಗ್ಗೆ.